ಸ್ಕ್ರೀನ್ ಒಳಗಿಂದ ಜಾಯಿಂಟ್ ಕಾಣುತ್ತಿಲ್ಲವೇ? ನಲವತ್ತು ದಾಟಿದ ವೆಲ್ಡರ್‌ಗೆ ಕನ್ನಡಕ, ಹೆಲ್ಮೆಟ್, ಬಟ್ಟೆ

ಪ್ರಶ್ನೆ: ದಾವಣಗೆರೆ ಹತ್ತಿರ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್ ಇದೆ. ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ ಮಾಡುತ್ತೇನೆ. ವಯಸ್ಸು 47. ಒಂದು ವರ್ಷದಿಂದ, ಮುಖ ಮುಚ್ಚುವ ಕಪ್ಪು ಗ್ಲಾಸಿನ ಸ್ಕ್ರೀನ್ ಒಳಗಿಂದ ಜಾಯಿಂಟ್ ಸರಿಯಾಗಿ ಕಾಣುತ್ತಿಲ್ಲ, ಬೀಡ್ (ಬೆಸುಗೆಯ ಗೆರೆ) ಪಕ್ಕಕ್ಕೆ ಹೋಗುತ್ತಿದೆ. ಪೇಪರ್ ಓದಲು ಕನ್ನಡಕ ಇದೆ. ಅದನ್ನು ಹೆಡ್ ಸ್ಕ್ರೀನ್ ಒಳಗೆ ಹಾಕಿದರೆ ಮಂಜು ಕಟ್ಟುತ್ತದೆ. ಟ್ಯಾಕ್ (ಪೀಸ್ ನಿಲ್ಲಿಸುವ ಚಿಕ್ಕ ಬೆಸುಗೆ) ಹೊಡೆಯುವಾಗ ಸ್ಕ್ರೀನ್ ಎತ್ತಿ ಕಣ್ಣು ಮುಚ್ಚಿಕೊಳ್ಳುತ್ತೇನೆ. ತಾನೇ ಕಪ್ಪಾಗುವ ಆಟೋ ಹೆಲ್ಮೆಟ್ ತಗೊಳ್ಳಲೇ, ಬೇರೆ ಕನ್ನಡಕ ಮಾಡಿಸಲೇ? ಬೇಸಿಗೆಯಲ್ಲಿ ಲೆದರ್ ಜಾಕೆಟ್ ಹಾಕಲು ಆಗುವುದಿಲ್ಲ, ಅದಕ್ಕೇನು ಮಾಡಲಿ? ಇಪ್ಪತ್ತರ ಹುಡುಗನೊಬ್ಬ ಹೆಲ್ಪರ್ ಇದ್ದಾನೆ. ಎಲ್ಲಾ ಸೇರಿ ಹತ್ತು ಸಾವಿರದೊಳಗೆ ಮುಗಿಯಬೇಕು.

ಉತ್ತರ: ಸ್ಕ್ರೀನ್ ಎತ್ತಿ ಕಣ್ಣು ಮುಚ್ಚಿಕೊಂಡು ಟ್ಯಾಕ್ ಹೊಡೆಯುತ್ತೇನೆ ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ಕಾಣದಿದ್ದರೆ ಯಾರಾದರೂ ಸ್ಕ್ರೀನ್ ಎತ್ತುತ್ತಾರೆ. ಸೆಕೆ ತಡೆಯದಿದ್ದರೆ ತೋಳು ಮಡಚುತ್ತಾರೆ. ಇದು ಉಡಾಫೆ ಅಲ್ಲ, ಕೆಲಸ ಆಗಬೇಕಲ್ಲ. ಹಾಗಾಗಿ ಸೇಫ್ಟಿ ಸಾಮಾನು ಕೊಳ್ಳುವಾಗ ಎಷ್ಟು ದಪ್ಪ, ಎಷ್ಟು ಗಟ್ಟಿ ಅಂತ ಮೊದಲು ಕೇಳಬೇಡಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೂ ಇದು ನನ್ನ ಮೈಮೇಲೆ ಇರುತ್ತಾ ಅಂತ ಕೇಳಿಕೊಳ್ಳಿ. ಗೂಟಕ್ಕೆ ನೇತುಹಾಕಿದ ಒಳ್ಳೆ ಜಾಕೆಟ್‌ಗಿಂತ ಮೈಮೇಲಿರುವ ಸಾಧಾರಣ ಏಪ್ರನ್ ಮೇಲು.

ನಿಮ್ಮ ವಿಷಯದಲ್ಲಿ ಮೊದಲ ಖರ್ಚು ಕಣ್ಣಿಗೇ ಆಗಬೇಕು. ಆದರೆ ದುಡ್ಡು ಬಿಚ್ಚುವ ಮೊದಲು ಯಾಕೆ ಕಾಣುತ್ತಿಲ್ಲ ಅಂತ ಪತ್ತೆ ಮಾಡಿ. ನಲವತ್ತು ದಾಟಿದವರೆಲ್ಲ ತಪ್ಪನ್ನು ಕಣ್ಣಿನ ಮೇಲೆ ಹಾಕುತ್ತಾರೆ. ಎಷ್ಟೋ ಸಲ ತಪ್ಪು ಗ್ಲಾಸಿನದ್ದಾಗಿರುತ್ತದೆ.

ಇವತ್ತೇ ಒಂದು ಕೆಲಸ ಮಾಡಿ. ಸ್ಕ್ರೀನಿನ ಕ್ಲಿಪ್ ಬಿಚ್ಚಿ ಮುಂದಿನ ವೈಟ್ ಗ್ಲಾಸ್ (ಬಣ್ಣವಿಲ್ಲದ ಗ್ಲಾಸ್) ಹೊರಗೆ ತೆಗೆಯಿರಿ. ಅದನ್ನು ಪೇಪರ್‌ನಿಂದ ನಾಲ್ಕು ಬೆರಳು ಮೇಲೆ ಹಿಡಿದು, ಅದರ ಮೂಲಕ ಸಣ್ಣ ಅಕ್ಷರ ಓದಿ ನೋಡಿ. ಸ್ಪ್ಯಾಟರ್, ಅಂದರೆ ಕರಗಿದ ಲೋಹದ ಹನಿ, ಹಾರಿ ಅಂಟಿದ ಕಡೆಯಲ್ಲೆಲ್ಲ ಕಪ್ಪು ಚುಕ್ಕೆ ಇರುತ್ತದೆ. ಅದರ ಸುತ್ತ ಹೊಗೆಯ ಪೊರೆ, ಒರೆಸಿ ಒರೆಸಿ ಆದ ಗೀರು. ಅಕ್ಷರ ಮಸುಕಾಗಿದ್ದರೆ ಗ್ಲಾಸ್ ಎಸೆಯಿರಿ. ಹೊಸ ವೈಟ್ ಗ್ಲಾಸ್‌ಗೆ ಒಂದು ಟೀ ಕುಡಿದಷ್ಟು ಖರ್ಚು. ದಿನವಿಡೀ ರಾಡ್ ಉರಿಸುವ ಶಾಪಿನಲ್ಲಿ ಅದು ವಾರಕ್ಕೊಂದು ಹೋದರೂ ಆಶ್ಚರ್ಯವಿಲ್ಲ. ಡಜನ್ ತಂದಿಟ್ಟುಕೊಳ್ಳಿ. ಒಳಗಿನ ಕಪ್ಪು ಗ್ಲಾಸಿನ ಎರಡೂ ಮುಖ ಸೋಪು ನೀರಲ್ಲಿ ತೊಳೆದು ಒಣಗಿಸಿ ಹಾಕಿ.

ಎರಡನೆಯದು ಕಪ್ಪು ಗ್ಲಾಸಿನ ನಂಬರ್. ಮೂಲೆಯಲ್ಲಿ 10, 11, 12 ಹೀಗೆ ಏನಾದರೂ ಬರೆದಿರಬೇಕು. ಏನೂ ಬರೆದಿಲ್ಲದ ಗ್ಲಾಸ್ ಬೇಡವೇ ಬೇಡ. ಕಪ್ಪಗಿದ್ದ ಮಾತ್ರಕ್ಕೆ ಅದು ಕಣ್ಣಿಗೆ ಕಾಣದ ಯುವಿ ಮತ್ತು ಇನ್‌ಫ್ರಾರೆಡ್ ಕಿರಣ ತಡೆಯುತ್ತದೆ ಅಂತ ಹೇಳಲು ಬರುವುದಿಲ್ಲ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ಟ್ಯಾಕ್ ಹೊಡೆಯುವವರಿಗೂ ಇದೇ ಮಾತು.

ನಂಬರ್ ಒಂದು ಏರಿದರೆ ಒಳಗೆ ಬರುವ ಬೆಳಕು ಸುಮಾರು 2.7 ಪಟ್ಟು ಕಡಿಮೆಯಾಗುತ್ತದೆ. ಹತ್ತನೇ ನಂಬರ್ ಗ್ಲಾಸ್ ಆರ್ಕಿನ (ರಾಡ್ ತುದಿಯಲ್ಲಿ ಹೊತ್ತುವ ಕಿಡಿಯ) ಬೆಳಕಿನಲ್ಲಿ ಹೆಚ್ಚುಕಡಿಮೆ ಏಳು ಸಾವಿರದಲ್ಲಿ ಒಂದು ಪಾಲು ಒಳಗೆ ಬಿಡುತ್ತದೆ. ಹನ್ನೆರಡನೇ ನಂಬರ್ ಬಿಡುವುದು ಐವತ್ತು ಸಾವಿರದಲ್ಲಿ ಒಂದು ಪಾಲು. ಎರಡೇ ನಂಬರಿಗೆ ಏಳು ಪಟ್ಟು ವ್ಯತ್ಯಾಸ! 'ಕಣ್ಣಿಗೆ ಒಳ್ಳೇದು' ಅಂತ ಯಾರೋ ಹೇಳಿದ್ದಕ್ಕೆ ಹನ್ನೆರಡು ಹಾಕಿಕೊಂಡು, 2.5 ಎಂಎಂ ರಾಡಿನಲ್ಲಿ ಗ್ರಿಲ್ ಬೆಸೆಯುತ್ತಾ ತಡಕಾಡುವವರು ಬಹಳ ಜನ. ವಯಸ್ಸಾದಂತೆ ಕಣ್ಣಿನೊಳಗೆ ಹೋಗುವ ಬೆಳಕೇ ಕಡಿಮೆಯಾಗುತ್ತದೆ. ಮೂವತ್ತರಲ್ಲಿ ಸರಿಹೋದ ನಂಬರ್ ನಲವತ್ತೇಳರಲ್ಲಿ ಜಾಸ್ತಿ ಅನ್ನಿಸಬಹುದು.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ಪಟ್ಟಿಯ ಪ್ರಕಾರ ರಾಡ್ ವೆಲ್ಡಿಂಗ್‌ನಲ್ಲಿ 60ರಿಂದ 160 ಆಂಪಿಯರ್‌ವರೆಗೆ ಕನಿಷ್ಠ 8, ಹಿತವಾದದ್ದು 10. 160ರಿಂದ 250ರವರೆಗೆ ಕನಿಷ್ಠ 10, ಹಿತವಾದದ್ದು 12. ನೀವು ಜಾಸ್ತಿ ಬಳಸುವ 3.15 ಎಂಎಂ ರಾಡ್ 90ರಿಂದ 130 ಆಂಪಿಯರ್‌ನಲ್ಲಿ ಓಡುತ್ತದೆ. ಅಂದರೆ 10 ಅಥವಾ 11 ಸಾಕು. ಟ್ರೈಲರ್ ಚಾಸಿಗೆ ದಪ್ಪ ರಾಡ್ ಹಾಕುವಾಗ ಮಾತ್ರ 12 ಬೇಕಾಗಬಹುದು. ಮುಂದೆ ರಾಡಿನ ಬದಲು ತಂತಿ ಉರಿಸುವ ಸಿಒಟು ಮಷೀನ್ ತಂದರೆ ಅದೇ ಆಂಪಿಯರ್‌ಗೆ ಒಂದು ನಂಬರ್ ಜಾಸ್ತಿ ಬೇಕು, 160ರವರೆಗೆ 11 ಅಂತ ಇಟ್ಟುಕೊಳ್ಳಿ. ಗ್ಯಾಸ್ ಕಟಿಂಗ್‌ಗೆ, ಒಂದಿಂಚಿನ ಒಳಗಿನ ಪ್ಲೇಟ್ ಆದರೆ 3 ಅಥವಾ 4ರ ಗಾಗಲ್ಸ್. ನಿಮ್ಮ ಕಣ್ಣಿಗೆ ಯಾವುದು ಅಂತ ತಿಳಿಯಲು ಕಪ್ಪು ಜಾಸ್ತಿ ಇರುವುದರಿಂದ ಶುರು ಮಾಡಿ, ಒಂದೊಂದೇ ನಂಬರ್ ಇಳಿಸಿ. ಕರಗಿದ ಲೋಹದ ಅಂಚು ಮತ್ತು ಅದರ ಮುಂದಿನ ಜಾಯಿಂಟ್ ಗೆರೆ ಎರಡೂ ಕಂಡ ತಕ್ಷಣ ನಿಲ್ಲಿಸಿ. ಕನಿಷ್ಠಕ್ಕಿಂತ ಕೆಳಗೆ ಹೋಗಬೇಡಿ.

ಮೂರನೆಯದು ಶಾಪಿನ ಬೆಳಕು. ಮುಕ್ಕಾಲು ಪಾಲು ಶಾಪುಗಳಲ್ಲಿ ವೆಲ್ಡರ್ ಶಟರ್‌ಗೆ ಬೆನ್ನು ಹಾಕಿ ಕೂತಿರುತ್ತಾನೆ. ಹಿಂದಿನಿಂದ ಬಿಸಿಲು ಸ್ಕ್ರೀನಿನೊಳಗೆ ನುಗ್ಗಿ ಗ್ಲಾಸಿನ ಒಳಮುಖಕ್ಕೆ ಬೀಳುತ್ತದೆ. ಆಗ ಜಾಯಿಂಟಿನ ಬದಲು ನಿಮ್ಮ ಮೂಗು, ನಿಮ್ಮ ಬಿಳಿ ಅಂಗಿಯೇ ಗ್ಲಾಸಿನಲ್ಲಿ ಕಾಣುತ್ತದೆ. ಕೂರುವ ದಿಕ್ಕು ಬದಲಿಸಿ. ಆಗದಿದ್ದರೆ ಹೆಡ್ ಸ್ಕ್ರೀನಿನ ಹಿಂಭಾಗಕ್ಕೆ ಒಂದು ಕಪ್ಪು ಕಾಟನ್ ಬಟ್ಟೆ ಇಳಿಬಿಡಿ, ಕುತ್ತಿಗೆಗೂ ನೆರಳಾಗುತ್ತದೆ. ಗಾಢ ಬಣ್ಣದ ಅಂಗಿ ಹಾಕಿ. ಕೆಲಸದ ಮೇಲೆ ಪಕ್ಕದಿಂದ ಬೀಳುವಂತೆ ಒಂದು ಎಲ್ಇಡಿ ಫ್ಲಡ್ ಲೈಟ್ ಇಡಿ. ಆರ್ಕ್ ಹೊತ್ತುವ ಮೊದಲು ಜಾಯಿಂಟ್ ಎಲ್ಲಿದೆ ಅಂತ ಕಾಣಲು ಈ ಲೈಟೇ ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಮಸುಕೇ ಅಂದರೆ ಆಗ ಕಣ್ಣಿನ ಪವರ್. ಇದು ಬರುವ ವಯಸ್ಸೇ ಅದು. ನಲವತ್ತರ ನಂತರ ಕಣ್ಣಿನ ಲೆನ್ಸ್ ಬಿಗಿಯಾಗುತ್ತಾ ಹೋಗುತ್ತದೆ, ಹತ್ತಿರದ್ದಕ್ಕೆ ಫೋಕಸ್ ಆಗುವುದಿಲ್ಲ. ನಾನು ವೆಲ್ಡಿಂಗ್ ಕಲಿಸುವವನು, ಕಣ್ಣಿನ ಡಾಕ್ಟರ್ ಅಲ್ಲ. ಪವರ್ ಎಷ್ಟು ಅಂತ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಆದರೆ ಪರೀಕ್ಷೆಗೆ ಹೋಗುವ ಮೊದಲು ನೀವು ಮಾಡಬೇಕಾದ ಒಂದು ಕೆಲಸ ಇದೆ. ಅದನ್ನು ಯಾರೂ ಮಾಡುವುದಿಲ್ಲ.

ನೀವು ಮಾಮೂಲಾಗಿ ಬೆಸೆಯುವ ಭಂಗಿಯಲ್ಲಿ ಕೂತುಕೊಳ್ಳಿ. ಹುಡುಗನ ಕೈಗೆ ಟೇಪ್ ಕೊಟ್ಟು ಕಣ್ಣಿನಿಂದ ರಾಡಿನ ತುದಿಗೆ ಎಷ್ಟು ದೂರ ಅಂತ ಅಳೆಸಿ. ಗೇಟು ನೆಲದ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತಾಗ ಒಂದು ಲೆಕ್ಕ, ಟೇಬಲ್ ಮೇಲೆ ಇನ್ನೊಂದು ಲೆಕ್ಕ. ಸಾಮಾನ್ಯವಾಗಿ 40ರಿಂದ 55 ಸೆಂಟಿಮೀಟರ್ ಬರುತ್ತದೆ. ಈ ಅಂಕಿ ಬರೆದುಕೊಂಡು ಹೋಗಿ. ಓದುವ ಕನ್ನಡಕದ ಪವರನ್ನು ಸುಮಾರು 40 ಸೆಂಟಿಮೀಟರ್‌ಗೆ, ಕೆಲವೊಮ್ಮೆ ಇನ್ನೂ ಹತ್ತಿರಕ್ಕೆ ಕೊಟ್ಟಿರುತ್ತಾರೆ. ನಿಮ್ಮ ಕೆಲಸ ಅರ್ಧ ಮೀಟರ್‌ನಲ್ಲಿದ್ದರೆ ಅದಕ್ಕಿಂತ ಅರ್ಧ ಪಾಯಿಂಟ್ ಕಡಿಮೆ ಸಾಕಾಗುತ್ತದೆ. ಓದಲು 1.75 ಇದ್ದವರಿಗೆ ವೆಲ್ಡಿಂಗ್‌ಗೆ 1.25 ಹಿಡಿಸಬಹುದು. ಪವರ್ ಜಾಸ್ತಿ ಇದ್ದರೆ ಚೆನ್ನಾಗಿ ಕಾಣುತ್ತದೆ ಅಂದುಕೊಳ್ಳಬೇಡಿ. ಜಾಸ್ತಿ ಪವರ್ ನಿಮ್ಮ ಮುಖವನ್ನು ಕೆಲಸದ ಹತ್ತಿರಕ್ಕೆ ಎಳೆಯುತ್ತದೆ. ಮುಖ ಬಗ್ಗಿದಷ್ಟೂ ಹೊಗೆ ನೇರ ಮೂಗಿಗೆ.

ಬೈಫೋಕಲ್ ಅಥವಾ ಪ್ರೊಗ್ರೆಸ್ಸಿವ್ ಕನ್ನಡಕ ವೆಲ್ಡಿಂಗ್‌ಗೆ ನನಗೆ ಇಷ್ಟವಿಲ್ಲ. ಹತ್ತಿರದ ಪವರ್ ಕೆಳಗಿನ ಪಟ್ಟಿಯಲ್ಲಿರುತ್ತದೆ. ಅದರ ಮೂಲಕ ನೋಡಲು ಗದ್ದ ಎತ್ತಬೇಕು. ಗದ್ದ ಎತ್ತಿದರೆ ಸ್ಕ್ರೀನ್ ಅಡಿಯಿಂದ ಆರ್ಕ್ ಬೆಳಕು ಕುತ್ತಿಗೆಗೆ, ಕೆನ್ನೆಗೆ ಹೊಡೆಯುತ್ತದೆ. ಸಂಜೆಗೆ ಕತ್ತು ಹಿಡಿದುಕೊಂಡಿರುತ್ತದೆ. ತಲೆ ಮೇಲಿನ ವೆಲ್ಡಿಂಗ್ ಬಂದರಂತೂ ಆ ಪಟ್ಟಿ ಕೆಲಸಕ್ಕೇ ಬರುವುದಿಲ್ಲ.

ಹಾಗಾದರೆ ಎರಡು ದಾರಿ ಉಳಿಯುತ್ತವೆ. ಒಂದು, ಹೆಲ್ಮೆಟ್ ಒಳಗೆ ಕೂರುವ ಪವರ್ ಲೆನ್ಸ್. ಅಂಗಡಿಯಲ್ಲಿ ಚೀಟರ್ ಲೆನ್ಸ್ ಅಥವಾ ಮ್ಯಾಗ್ನಿಫೈಯಿಂಗ್ ಲೆನ್ಸ್ ಅಂತ ಕೇಳಿ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಕಪ್ಪು ಗ್ಲಾಸಿನ ಹಿಂದೆ, ನಿಮ್ಮ ಕಣ್ಣಿನ ಕಡೆಗೆ ಅದನ್ನು ಸಿಕ್ಕಿಸಬೇಕು. ಮಾಮೂಲಿ ಅಳತೆ 108 × 51 ಎಂಎಂ. ನಿಮ್ಮ ಸ್ಕ್ರೀನಿನ ಕಿಂಡಿ ಅಳೆದು ಕೊಳ್ಳಿ, ದೊಡ್ಡ ಕಿಂಡಿಯದ್ದಕ್ಕೆ ಇದು ಕೂರುವುದಿಲ್ಲ. 0.75ರಿಂದ 3ರವರೆಗೆ ಪವರ್ ಬರುತ್ತದೆ. ಮುಖದಿಂದ ದೂರ ಇರುವುದರಿಂದ ಕನ್ನಡಕದಷ್ಟು ಬೇಗ ಮಂಜು ಕಟ್ಟುವುದಿಲ್ಲ. ಆದರೆ ಎರಡೂ ಕಣ್ಣಿಗೆ ಒಂದೇ ಪವರ್ ಇರುವವರಿಗೆ ಮಾತ್ರ ಇದು ಸರಿ. ಒಂದು ಕಣ್ಣು ಬೇರೆ, ಇನ್ನೊಂದು ಬೇರೆ ಇದ್ದರೆ ಅಥವಾ ಚೀಟಿಯಲ್ಲಿ ಸಿಲಿಂಡರ್ ಪವರ್ ಬರೆದಿದ್ದರೆ ಈ ಲೆನ್ಸ್ ಸುಮ್ನೆ ತಲೆನೋವು ತರುತ್ತದೆ. ಇದು ಬರೀ ಪವರ್ ಕೊಡುವ ಪ್ಲಾಸ್ಟಿಕ್, ರಕ್ಷಣೆ ಕೊಡುವುದಿಲ್ಲ. ಹೊರಗಡೆ ಹಾಕಬಾರದು, ಕಪ್ಪು ಗ್ಲಾಸ್ ತೆಗೆದು ಅದರ ಜಾಗದಲ್ಲೂ ಹಾಕಬಾರದು.

ಎರಡನೇ ದಾರಿ, ಆ ಅಳೆದ ದೂರಕ್ಕೇ ಮಾಡಿಸಿದ ಒಂದೇ ಪವರಿನ ಕನ್ನಡಕ. ಪಾಲಿಕಾರ್ಬೊನೇಟ್ ಲೆನ್ಸ್, ಕಿವಿಯ ಕಡ್ಡಿ ತೆಳ್ಳಗೆ, ಪಕ್ಕಕ್ಕೆ ಶೀಲ್ಡ್. ಖರ್ಚು ಜಾಸ್ತಿ, ಆದರೆ ಇದರಲ್ಲಿ ದೊಡ್ಡ ಲಾಭ ಇದೆ. ಸ್ಕ್ರೀನ್ ಎತ್ತಿದಾಗಲೂ ಇದು ಕಣ್ಣ ಮೇಲಿರುತ್ತದೆ. ಸ್ಲ್ಯಾಗ್ (ಬೆಸುಗೆ ಮೇಲೆ ಕಟ್ಟುವ ಗಟ್ಟಿ ಪೊರೆ) ಕುಟ್ಟುವಾಗ, ಗ್ರೈಂಡರ್ ಹಿಡಿದಾಗ ಕಣ್ಣಿಗೆ ಚೂರು ಬೀಳುವುದೇ ಆಗ. ವೆಲ್ಡರ್ ಕಣ್ಣಿಗೆ ಪೆಟ್ಟು ಬರೀ ಆರ್ಕಿನಿಂದ ಅಂತ ಜನ ತಿಳಿದಿದ್ದಾರೆ. ಚಿಪ್ಪಿಂಗ್ ಹ್ಯಾಮರ್ ಅದಕ್ಕೇನೂ ಕಮ್ಮಿ ಇಲ್ಲ. ಕಬ್ಬಿಣದ ಚೂರು ಕರಿಗುಡ್ಡೆ ಮೇಲೆ ಕೂತರೆ ಒಂದೆರಡು ದಿನದಲ್ಲೇ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ. ಅದನ್ನು ಪಿನ್ನಿನಿಂದ, ಕರ್ಚೀಫಿನ ತುದಿಯಿಂದ ಪಕ್ಕದವರ ಹತ್ತಿರ ತೆಗೆಸಿಕೊಳ್ಳಬಾರದು. ಇನ್ನೊಂದು ವಿಷಯ. ಮುಂದೆ ಯಾವತ್ತಾದರೂ ಎಂಆರ್‌ಐ ಸ್ಕ್ಯಾನ್ ಬರೆದರೆ, ನಾನು ಗ್ರೈಂಡಿಂಗ್ ಮಾಡುವವನು, ಕಣ್ಣಿಗೆ ಕಬ್ಬಿಣ ಬಿದ್ದಿತ್ತು ಅಂತ ಮೊದಲೇ ಹೇಳಿ. ಒಳಗೆ ಚೂರು ಉಳಿದಿದ್ದರೆ ಆ ಮ್ಯಾಗ್ನೆಟ್ ಅದನ್ನು ಅಲುಗಾಡಿಸುತ್ತದೆ.

ಮಂಜಿನ ತೊಂದರೆಗೆ ಆಂಟಿ-ಫಾಗ್ ಲೇಪದ ಲೆನ್ಸ್ ಕೇಳಿ. ಮುಖಕ್ಕೆ ಕರ್ಚೀಫ್ ಕಟ್ಟಿಕೊಳ್ಳುವ ಅಭ್ಯಾಸ ಇದ್ದರೆ ಉಸಿರು ಮೇಲಕ್ಕೆ ಬಂದು ಗ್ಲಾಸಿಗೆ ಹೊಡೆಯುತ್ತದೆ. ಹೊಗೆಯನ್ನಂತೂ ಅದು ತಡೆಯುವುದಿಲ್ಲ. ಮೂಗಿನ ಮೇಲೆ ಬಿಗಿಯಾಗಿ ಕೂರುವ ಎಫ್‌ಎಫ್‌ಪಿ2 ಮಾಸ್ಕ್ ಹಾಕಿ, ಎರಡಕ್ಕೂ ಆಯಿತು.

ಕಾಂಟ್ಯಾಕ್ಟ್ ಲೆನ್ಸ್ ಹಾಕಿದ ವೆಲ್ಡರ್‌ನ ಕಣ್ಣಿಗೆ ಆರ್ಕ್ ಬೆಳಕಿನಿಂದ ಲೆನ್ಸ್ ಅಂಟಿಕೊಂಡು ಕಣ್ಣೇ ಹೋಯಿತು ಅನ್ನೋ ಕಥೆ ನೀವೂ ಕೇಳಿರುತ್ತೀರಿ. ಅದು ದಶಕಗಳಿಂದ ಓಡಾಡುತ್ತಿರುವ ಸುಳ್ಳು. ಆದರೂ ಧೂಳು, ಹೊಗೆಯ ಶಾಪಿನಲ್ಲಿ ಕನ್ನಡಕವೇ ವಾಸಿ.

ಈಗ ಆಟೋ ಹೆಲ್ಮೆಟ್. ನಿಮ್ಮ ಪ್ರಶ್ನೆಗೆ ನೇರ ಉತ್ತರ: ತಗೊಳ್ಳಿ, ಆದರೆ ಪವರ್ ಸರಿಮಾಡಿಕೊಂಡ ಮೇಲೆ. ಆಟೋ ಹೆಲ್ಮೆಟ್ ಹತ್ತಿರದ ದೃಷ್ಟಿಯನ್ನು ಸರಿ ಮಾಡುವುದಿಲ್ಲ. ಅದು ಸರಿ ಮಾಡುವುದು ಟ್ಯಾಕ್ ಹೊಡೆಯುವ ನಿಮ್ಮ ಆ ಅಭ್ಯಾಸವನ್ನು. ಆರ್ಕ್ ಇಲ್ಲದಾಗ ಅದರ ಗ್ಲಾಸ್ 3 ಅಥವಾ 4ನೇ ನಂಬರಿನಷ್ಟೇ ಕಪ್ಪಗಿರುತ್ತದೆ. ರಾಡ್ ತುದಿಯನ್ನು ಜಾಯಿಂಟಿನ ಮೇಲಿಟ್ಟು, ನೋಡುತ್ತಲೇ ಹೊಡೆಯಬಹುದು. ಸ್ವೀಡನ್ನಿನಲ್ಲಿ ಸ್ಪೀಡ್‌ಗ್ಲಾಸ್ ಹೆಸರಲ್ಲಿ 1981ರಲ್ಲಿ ಮಾರುಕಟ್ಟೆಗೆ ಬಂದಾಗ ಇದು ದುಬಾರಿ ವಸ್ತು. ಈಗ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲೂ ನೇತಾಡುತ್ತಿರುತ್ತದೆ.

'ಅದು ಕಪ್ಪಾಗುವುದು ಸ್ವಲ್ಪ ತಡವಾದರೆ ಕಣ್ಣು ಹೋಗುತ್ತೆ' ಅನ್ನುವವರು ಇದ್ದಾರೆ. ಪ್ರಮಾಣಪತ್ರ ಇರುವ ಹೆಲ್ಮೆಟ್‌ಗಳಲ್ಲಿ ಯುವಿ, ಇನ್‌ಫ್ರಾರೆಡ್ ತಡೆಯುವ ಪದರ ಯಾವಾಗಲೂ ಕೆಲಸ ಮಾಡುತ್ತಿರುತ್ತದೆ. ಗ್ಲಾಸ್ ತಿಳಿಯಾಗಿದ್ದರೂ ಸರಿ, ಬ್ಯಾಟರಿ ಸತ್ತಿದ್ದರೂ ಸರಿ. ತಡವಾದರೆ ಕಣ್ಣು ಕುಕ್ಕುತ್ತದೆ, ಆದರೆ ಯುವಿ ಒಳಗೆ ಬರುವುದಿಲ್ಲ. ಒಳ್ಳೆಯವು ಸೆಕೆಂಡಿನ ಇಪ್ಪತ್ತೈದು ಸಾವಿರದ ಒಂದು ಭಾಗದಲ್ಲಿ ಕಪ್ಪಾಗುತ್ತವೆ. ಸಮಸ್ಯೆ ಇರುವುದು ಪ್ರಮಾಣಪತ್ರವೇ ಇಲ್ಲದ ಅಗ್ಗದ ಮಾಲಿನಲ್ಲಿ. ಅದರೊಳಗೆ ಯಾವ ಪದರ ಇದೆಯೋ ಹೇಳುವವರಿಲ್ಲ.

ಹೆಲ್ಮೆಟ್ ಕೈಗೆ ಬಂದಾಗ ಬಣ್ಣ, ಡ್ರ್ಯಾಗನ್ ಚಿತ್ರ ನೋಡಬೇಡಿ. ಗ್ಲಾಸ್ ಕೂರುವ ಚೌಕಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಹುಡುಕಿ. 4/9-13 ಅಂತ ಶುರುವಾಗಿ, ನಡುವೆ ಕಂಪನಿಯ ಗುರುತು ಬಂದು, 1/1/1/2/379 ಅಂತ ಮುಗಿಯುವಂಥದ್ದು. ಮೊದಲ 4 ತಿಳಿಯಾಗಿದ್ದಾಗಿನ ನಂಬರ್. 9-13 ಕಪ್ಪಾದಾಗ ನೀವು ಹೊಂದಿಸಿಕೊಳ್ಳಬಹುದಾದ ನಂಬರ್. ಕೊನೆಯ 379 ಅಂದರೆ ಯುರೋಪಿನ ಇಎನ್ 379 ಮಾನಕ. ನಡುವಿನ ನಾಲ್ಕು ಅಂಕಿ ಕಾಣುವ ಗುಣಮಟ್ಟ. 1 ಅತ್ಯುತ್ತಮ, 3 ಕಡೆಯದು. ಮೊದಲ ಅಂಕಿ ಚಿತ್ರ ವಕ್ರವಾಗದೆ ಕಾಣುತ್ತದಾ ಅನ್ನುವುದಕ್ಕೆ, ಎರಡನೆಯದು ಮಬ್ಬಿಗೆ, ಮೂರನೆಯದು ಎಲ್ಲ ಕಡೆ ಒಂದೇ ಸಮ ಕಪ್ಪು ಇದೆಯಾ ಅನ್ನುವುದಕ್ಕೆ, ನಾಲ್ಕನೆಯದು ಓರೆಯಾಗಿ ನೋಡಿದಾಗ ಹೇಗೆ ಅನ್ನುವುದಕ್ಕೆ. ಕಣ್ಣು ಮಂಕಾಗುತ್ತಿರುವ ವಯಸ್ಸಿನವರಿಗೆ ಮೊದಲೆರಡು ಮುಖ್ಯ. ಅವು 1 ಇರಲಿ. ಮಾನಕಗಳು ಹೊಸದಾಗುತ್ತಿರುವುದರಿಂದ ಇತ್ತೀಚಿನ ಮಾಲಿನ ಮೇಲೆ ಐಎಸ್ಒ 16321 ಅಂತಲೂ ಇರಬಹುದು, ತೊಂದರೆ ಇಲ್ಲ. ಸಾಲೇ ಇಲ್ಲದಿದ್ದರೆ ಕೆಳಗಿಡಿ.

ಸೆನ್ಸರ್ ನಾಲ್ಕಿದ್ದರೆ ಒಳ್ಳೆಯದು. ಚಾಸಿ ಕೆಳಗೆ ಮಲಗಿ ಬೆಸೆಯುವಾಗ ಪೈಪೋ ಆಂಗಲೋ ಒಂದು ಸೆನ್ಸರ್‌ಗೆ ಅಡ್ಡ ಬರುತ್ತದೆ, ಇನ್ನೊಂದು ಕೆಲಸ ಮಾಡುತ್ತದೆ. ಒಳಗೆ ಚೀಟರ್ ಲೆನ್ಸ್ ಸಿಕ್ಕಿಸುವ ಜಾಗ ಇದೆಯಾ ನೋಡಿ, ನಿಮಗೆ ಅದು ಬೇಕೇ ಬೇಕು. ಬ್ಯಾಟರಿ ಬದಲಿಸಲು ಬರುತ್ತದಾ ಕೇಳಿ. ಬರೀ ಸೋಲಾರ್ ಅಂತ ಮಾರುವ ಕೆಲವದರಲ್ಲಿ ಒಳಗಿನ ಬ್ಯಾಟರಿ ಸತ್ತರೆ ಹೆಲ್ಮೆಟ್ಟೇ ಕಸ. ಸಾವಿರದಿಂದ ಎರಡು ಸಾವಿರದವರೆಗಿನ ಮಾಲು ಬಹಳ ಇದೆ. ಮಾನಕದ ಸಾಲು ಇರುವ, ಹೊರ ಪ್ಲಾಸ್ಟಿಕ್ ಗ್ಲಾಸ್ ಬಿಡಿಯಾಗಿ ಸಿಗುವ ಹೆಲ್ಮೆಟ್‌ಗೆ ನಾಲ್ಕು ಸಾವಿರದ ಆಸುಪಾಸು ಇಟ್ಟುಕೊಳ್ಳಿ. ಹೊರ ಗ್ಲಾಸ್ ಸಿಗದ ಹೆಲ್ಮೆಟ್ ಎಷ್ಟೇ ಅಗ್ಗವಾದರೂ ಬೇಡ. ಅದಿಲ್ಲದೆ ಸ್ಪ್ಯಾಟರ್ ನೇರ ಎಲ್‌ಸಿಡಿಗೆ ಹೊಡೆದರೆ ನಾಲ್ಕು ಸಾವಿರ ಒಂದೇ ಕಿಡಿಗೆ ಹೋಯಿತು.

ಕಣ್ಣಿಗೆ ಆರ್ಕ್ ಹೊಡೆದರೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ. ಹೊಡೆದ ಹೊತ್ತಲ್ಲಿ ಏನೂ ಗೊತ್ತಾಗುವುದಿಲ್ಲ. ಕೆಲವು ಗಂಟೆಯ ನಂತರ, ಸಾಮಾನ್ಯವಾಗಿ ರಾತ್ರಿ ಮಲಗಿದ ಮೇಲೆ, ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ, ನೀರು. ಲೈಟ್ ನೋಡಲಾಗುವುದಿಲ್ಲ. ಕಣ್ಣಿನ ಮೇಲ್ಪದರ ಯುವಿಯಿಂದ ಸುಟ್ಟಿರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮಾಯುತ್ತದೆ. ಆಲೂಗಡ್ಡೆ ಬಿಲ್ಲೆ ಇಡುವುದು, ಎದೆಹಾಲು ಬಿಡಿಸುವುದು ಎಲ್ಲ ಊರಲ್ಲೂ ಇದೆ. ಮಾಯುತ್ತಿರುವ ಗಾಯಕ್ಕೆ ಸೋಂಕು ತಗುಲಿಸುವ ಕೆಲಸ ಅದು. ತಣ್ಣನೆ ಒದ್ದೆ ಬಟ್ಟೆಯನ್ನು ಮುಚ್ಚಿದ ರೆಪ್ಪೆ ಮೇಲಿಟ್ಟು, ಬೆಳಗಾಗುತ್ತಲೇ ಡಾಕ್ಟರ್ ಹತ್ತಿರ ಹೋಗಿ. ಒಂದು ಎಚ್ಚರಿಕೆ: ಮೆಡಿಕಲ್ ಶಾಪಿನಲ್ಲಿ ಕೇಳಿ ಕಣ್ಣು ಮರಗಟ್ಟಿಸುವ ಡ್ರಾಪ್ಸ್ ತಂದಿಟ್ಟುಕೊಳ್ಳಬೇಡಿ. ಹಾಕಿದ ಕ್ಷಣ ಸ್ವರ್ಗ. ಮತ್ತೆ ಮತ್ತೆ ಹಾಕಿದರೆ ಗಾಯ ಮಾಯುವುದೇ ಇಲ್ಲ, ಕರಿಗುಡ್ಡೆ ಕರಗುವವರೆಗೂ ಹೋಗಬಹುದು. ಡಾಕ್ಟರ್ ಬರೆಯದ ಸ್ಟಿರಾಯ್ಡ್ ಡ್ರಾಪ್ಸ್ ಕೂಡ ಬೇಡ. ಕಣ್ಣು ಮುಚ್ಚಿ ಟ್ಯಾಕ್ ಹೊಡೆಯುವವರಿಗೆ ಇದು ಆಗುವುದು ಹೇಗೆ ಅಂದರೆ, ಕೈ ಮತ್ತು ರೆಪ್ಪೆಯ ಲೆಕ್ಕ ಪ್ರತಿ ಸಲ ಕೂಡುವುದಿಲ್ಲ. ಕೂಡಿದರೂ ರೆಪ್ಪೆಯ ಚರ್ಮ ಮೈಯಲ್ಲೇ ತೀರಾ ತೆಳು, ಅದು ಸುಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆ ಮತ್ತು ವೆಲ್ಡಿಂಗ್ ಯುವಿ ಎರಡನ್ನೂ ಕ್ಯಾನ್ಸರ್ ತರುವಂಥವು ಅಂತ ಮೊದಲ ಗುಂಪಿಗೆ ಸೇರಿಸಿತು. ಯುವಿಗೆ ಸಂಬಂಧಿಸಿದ್ದು ಕಣ್ಣಿನ ಮೆಲನೋಮ. ಹೆದರಿಸಲು ಹೇಳುತ್ತಿಲ್ಲ, ಸ್ಕ್ರೀನ್ ಇಳಿಸಲು ಹೇಳುತ್ತಿದ್ದೇನೆ.

ಬಟ್ಟೆಗೆ ಬರೋಣ. ಇಲ್ಲಿ ದಪ್ಪಕ್ಕಿಂತ ನೂಲು ಮುಖ್ಯ. ಪಾಲಿಯೆಸ್ಟರ್ 250–260 ಡಿಗ್ರಿಯಲ್ಲಿ ಕರಗುತ್ತದೆ. ಕಿಡಿ ಬಿದ್ದ ಕಡೆ ಕರಗಿ ಚರ್ಮಕ್ಕೆ ಅಂಟುತ್ತದೆ, ಕಿತ್ತರೆ ಚರ್ಮವೂ ಬರುತ್ತದೆ. ಕಾಟನ್ ತೂತು ಬೀಳುತ್ತದೆ, ಹೊತ್ತಿಕೊಳ್ಳಲೂಬಹುದು, ಆದರೆ ಅಂಟುವುದಿಲ್ಲ. ಅಂಗಡಿಯವರು ಪ್ಯೂರ್ ಕಾಟನ್ ಅಂತಲೇ ಹೇಳುತ್ತಾರೆ. ಒಳಹೊಲಿಗೆಯಿಂದ ಒಂದೆಳೆ ಕಿತ್ತು ಕಡ್ಡಿ ಗೀರಿ ನೋಡಿ. ಕಾಗದ ಸುಟ್ಟ ವಾಸನೆ ಬಂದು, ಬೆರಳಿಗೆ ಮೆತ್ತನೆ ಬೂದಿ ಹತ್ತಿದರೆ ಕಾಟನ್. ಎಳೆ ಮುದುಡಿ, ತುದಿಯಲ್ಲಿ ಗಟ್ಟಿ ಕರಿಮಣಿ ಕಟ್ಟಿದರೆ ಪಾಲಿಯೆಸ್ಟರ್ ಇದೆ. ಹೊಲಿಗೆ ದಾರವೇ ಪಾಲಿಯೆಸ್ಟರ್ ಆಗಿರಬಹುದು, ಆದ್ದರಿಂದ ಬಟ್ಟೆಯ ಎಳೆಯನ್ನೇ ಕೀಳಿ. ಫ್ಯಾಕ್ಟರಿ ಯೂನಿಫಾರ್ಮಿನ ಟೆರಿಕಾಟ್ ಈ ಪರೀಕ್ಷೆಯಲ್ಲಿ ಫೇಲ್. ಈಗಿನ ಸ್ಟ್ರೆಚ್ ಜೀನ್ಸ್ ಕೂಡ. ಬನಿಯನ್, ಸಾಕ್ಸ್ ಮರೆಯಬೇಡಿ, ಮೈಗೆ ತಾಗಿರುವುದು ಅವೇ.

ಲೆದರ್ ಜಾಕೆಟ್ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್ ಕೆಳಗೆ ಅದನ್ನು ಹಾಕಿ ಕೆಲಸ ಮಾಡಿ ಅಂತ ಹೇಳುವವರು ಒಂದು ದಿನ ಹಾಕಿ ನೋಡಲಿ. ಗಾಢ ಬಣ್ಣದ ದಪ್ಪ ಕಾಟನ್ ತುಂಬುತೋಳಿನ ಅಂಗಿ, ಕತ್ತಿನವರೆಗೆ ಗುಂಡಿ. ಅದರ ಮೇಲೆ ಕ್ರೋಮ್ ಲೆದರ್ ಏಪ್ರನ್, ಎರಡು ಲೆದರ್ ಸ್ಲೀವ್ಸ್. ಬೆನ್ನಿಗೆ ಗಾಳಿ ಆಡುತ್ತದೆ. ಕಿಡಿ ಬೀಳುವ ಎದೆ, ತೊಡೆ, ಮುಂಗೈ ಮುಚ್ಚಿರುತ್ತದೆ. ಜಾಕೆಟ್ ಬೇಕಾಗುವುದು ತಲೆ ಮೇಲಿನ ವೆಲ್ಡಿಂಗ್‌ಗೆ, ದಪ್ಪ ಕಟಿಂಗ್‌ಗೆ. ಆ ಕೆಲಸ ಇದ್ದ ದಿನ ಬೆಳಿಗ್ಗೆ ಬೇಗ ಮುಗಿಸಿ. ರೆಕ್ಸಿನ್ ಏಪ್ರನ್ ಬೇಡ, ಅದು ಪ್ಲಾಸ್ಟಿಕ್. ರೆಡಿಮೇಡ್ ವೆಲ್ಡಿಂಗ್ ಬಟ್ಟೆ ಕೊಳ್ಳುವುದಾದರೆ ಲೇಬಲ್‌ನಲ್ಲಿ ಐಎಸ್ಒ 11611 ನೋಡಿ. ಕರಗಿದ ಲೋಹದ ಹನಿ ಬೀಳಿಸಿ ಪರೀಕ್ಷಿಸುತ್ತಾರೆ. ಬಟ್ಟೆಯ ಹಿಂದಿನ ಶಾಖ 40 ಡಿಗ್ರಿ ಏರಲು ಕ್ಲಾಸ್ 1ರಲ್ಲಿ ಕನಿಷ್ಠ 15 ಹನಿ, ಕ್ಲಾಸ್ 2ರಲ್ಲಿ 25 ಹನಿ ಬೇಕು. ನಿಮ್ಮ ಗ್ರಿಲ್ ಕೆಲಸಕ್ಕೆ ಕ್ಲಾಸ್ 1 ಸಾಕು.

ಹೊಲಿಸುವಾಗ ದರ್ಜಿಗೆ ಹೇಳಿ: ಎದೆ ಜೇಬಿಗೆ ಮುಚ್ಚಳ ಇರಲಿ, ಪ್ಯಾಂಟಿನ ಕೆಳಗೆ ಮಡಿಕೆ ಬೇಡ. ಕಿಡಿ ಹೋಗಿ ಕೂರುವ ಜಾಗಗಳು ಅವೇ. ಜೇಬಲ್ಲಿ ಲೈಟರ್ ಇಡಬೇಡಿ. ಥಿನ್ನರ್, ಗ್ರೀಸ್ ಅಂಟಿದ ಅಂಗಿ ಬದಲಿಸಿ. ಗ್ಯಾಸ್ ಕಟಿಂಗ್ ಇರುವ ಶಾಪಿನಲ್ಲಿ ಮೈ ಮೇಲಿನ ಧೂಳನ್ನು ಆಕ್ಸಿಜನ್ ಹೋಸಿನಿಂದ ಊದಿಕೊಳ್ಳುವ ಚಾಳಿ ಕಂಡರೆ ಅವತ್ತೇ ನಿಲ್ಲಿಸಿ. ಬಟ್ಟೆಯೊಳಗೆ ಆಕ್ಸಿಜನ್ ತುಂಬಿಕೊಂಡರೆ ಒಂದೇ ಕಿಡಿಗೆ ಕಾಟನ್ ಭಗ್ ಅಂತ ಹತ್ತುತ್ತದೆ, ಆರಿಸಲು ಪುರುಸೊತ್ತು ಸಿಗುವುದಿಲ್ಲ.

ಗ್ಲೌಸ್ ಎರಡು ಜೊತೆ ಇರಲಿ, ಮೊಣಕೈ ಕಡೆಗೆ ಉದ್ದ ಇರುವ 14 ಇಂಚಿನದ್ದು. ಎರಡು ಜೊತೆ ಯಾಕೆ ಅಂದರೆ ಬೆವರು. ರಾಡ್ ಉರಿಯದಿದ್ದಾಗ ಹೋಲ್ಡರ್‌ನಲ್ಲಿ 50ರಿಂದ 80 ವೋಲ್ಟ್ ನಿಂತಿರುತ್ತದೆ. ಒಣ ಲೆದರ್ ಅದನ್ನು ತಡೆಯುತ್ತದೆ. ಬೆವರಲ್ಲಿ ನೆಂದದ್ದು ತಡೆಯುವುದಿಲ್ಲ. ಒದ್ದೆ ಗ್ಲೌಸಿನಲ್ಲಿ ರಾಡ್ ಬದಲಿಸುವಾಗ ಜುಮ್ ಅನ್ನುವುದು ಅದಕ್ಕೇ. ಮಧ್ಯಾಹ್ನ ಬದಲಿಸಿ, ಮೊದಲಿನದನ್ನು ಗಾಳಿಗೆ ಒಣಹಾಕಿ. ಬೆಂಕಿ ಹತ್ತಿರ ಒಣಗಿಸಿದರೆ ಲೆದರ್ ಹಪ್ಪಳವಾಗುತ್ತದೆ. ಬಿಸಿ ಪೀಸ್ ಎತ್ತಲು ಇಕ್ಕಳ ಇದೆ, ಗ್ಲೌಸ್ ಅದಕ್ಕಲ್ಲ.

ಶೂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಪ್ಪಲಿ ಬೇಡ. ಐಎಸ್ 15298 ಗುರುತಿನ ಸೇಫ್ಟಿ ಶೂ ತಗೊಳ್ಳಿ, ಪ್ಯಾಂಟ್ ಅದರ ಮೇಲೆ ಬರಲಿ, ಒಳಗೆ ತುರುಕಬೇಡಿ.

ಹುಡುಗನ ವಿಷಯ. ನೀವು ಬೆಸೆಯುವಾಗ ಅವನು ಪೀಸ್ ಹಿಡಿದುಕೊಂಡು ಮುಖ ಆಚೆ ತಿರುಗಿಸುತ್ತಾನೆ ಅಲ್ವಾ? ಮುಖ ತಿರುಗಿಸಿದರೆ ಕೆನ್ನೆ, ಕಿವಿ, ಕುತ್ತಿಗೆಗೆ ಪೂರ್ತಿ ಯುವಿ. ಎದುರಿನ ಗೋಡೆಯಿಂದ ತಿರುಗಿ ಬಂದದ್ದು ಕಣ್ಣಿಗೂ. ಅವನಿಗೆ ನಿಮ್ಮ ಹಳೆ ಹೆಡ್ ಸ್ಕ್ರೀನ್ ಕೊಡಿ, ಹೊಸ ವೈಟ್ ಗ್ಲಾಸ್, 10 ಅಥವಾ 11ರ ಕಪ್ಪು ಗ್ಲಾಸ್ ಹಾಕಿ. ಒಳಗೆ ಕ್ಲಿಯರ್ ಸೇಫ್ಟಿ ಗಾಗಲ್ಸ್, ಸ್ಲ್ಯಾಗ್ ಕುಟ್ಟುವವನು ಅವನೇ ತಾನೇ. ಜೊತೆಗೊಂದು ಕಾಟನ್ ಅಂಗಿ, ಒಂದು ಜೊತೆ ಗ್ಲೌಸ್. ಪೀಸ್ ಹಿಡಿಯಲು ಸಿ-ಕ್ಲ್ಯಾಂಪ್, ಮ್ಯಾಗ್ನೆಟ್ ಆಂಗಲ್ ತಂದರೆ ಅವನು ಅಲ್ಲಿ ನಿಲ್ಲಬೇಕಾದ ಅಗತ್ಯವೇ ಅರ್ಧ ಕಡಿಮೆಯಾಗುತ್ತದೆ. ರಸ್ತೆ ಕಡೆಗೆ ದಪ್ಪ ಕ್ಯಾನ್ವಾಸ್ ಪರದೆ ಇಳಿಬಿಡಿ. ಶಾಲೆ ಮಕ್ಕಳು ನಿಂತು ನೋಡುತ್ತಾರೆ.

ನಿಮ್ಮ ಬಜೆಟ್ಟಿನಲ್ಲಿ ಎಲ್ಲ ಒಂದೇ ದಿನ ಬರುವುದಿಲ್ಲ. ಮೊದಲ ವಾರ ವೈಟ್ ಗ್ಲಾಸ್ ಡಜನ್, ಸರಿಯಾದ ನಂಬರಿನ ಕಪ್ಪು ಗ್ಲಾಸ್, ಇಬ್ಬರಿಗೂ ಗ್ಲೌಸ್ ಮತ್ತು ಗಾಗಲ್ಸ್, ನಿಮಗೊಂದು ಕಣ್ಣಿನ ಪರೀಕ್ಷೆ. ಅಷ್ಟಕ್ಕೇ ಬೀಡ್ ನೆಟ್ಟಗಾಗಲೂಬಹುದು. ಆಮೇಲೆ ಪವರಿಗೆ ತಕ್ಕ ಕನ್ನಡಕ ಅಥವಾ ಚೀಟರ್ ಲೆನ್ಸ್, ಏಪ್ರನ್, ಸ್ಲೀವ್ಸ್. ಆಟೋ ಹೆಲ್ಮೆಟ್ ಕೊನೆಗೆ. ಅಲ್ಲಿಯವರೆಗೆ ಟ್ಯಾಕ್ ಹೊಡೆಯುವಾಗ ರಾಡ್ ತುದಿ ಜಾಯಿಂಟಿನ ಹತ್ತಿರ ಇಟ್ಟು, ತಲೆ ಒಮ್ಮೆ ಕೊಡವಿ ಸ್ಕ್ರೀನ್ ಇಳಿಸಿಕೊಂಡು ಹೊಡೆಯಿರಿ. ಇಬ್ಬರೂ ನಾಲ್ಕು ದಿನ ಸ್ಕ್ರ್ಯಾಪ್ ಮೇಲೆ ಅಭ್ಯಾಸ ಮಾಡಿದರೆ ಕೈ ಕೂರುತ್ತದೆ.

ಪರೀಕ್ಷೆಗೆ ಹೋದಾಗ ಬರೀ ಪವರ್ ಬರೆಸಿಕೊಂಡು ಬರಬೇಡಿ. ವೆಲ್ಡಿಂಗ್ ಮಾಡುತ್ತೇನೆ ಅಂತ ಹೇಳಿ, ಕಣ್ಣಿನ ಪೊರೆ ಮತ್ತು ಒತ್ತಡ ಎರಡನ್ನೂ ನೋಡಿಸಿ. ದೀಪದ ಸುತ್ತ ಬಣ್ಣದ ಉಂಗುರ ಕಾಣುವುದು, ನಡುವೆ ಮಸುಕು ಚುಕ್ಕೆ ನಿಲ್ಲುವುದು, ನೇರ ಪೈಪು ಸೊಟ್ಟ ಕಾಣುವುದು ಇದ್ದರೆ ಅದನ್ನೇ ಮೊದಲು ಹೇಳಿ, ಅವಕ್ಕೆ ಯಾವ ಚೀಟರ್ ಲೆನ್ಸೂ ಮದ್ದಲ್ಲ. ಕನ್ನಡಕ ಮಾಡಿಸುವ ದಿನ ಹೆಡ್ ಸ್ಕ್ರೀನನ್ನೂ ಚೀಲದಲ್ಲಿ ಒಯ್ಯಿರಿ. ಫ್ರೇಮ್ ಹಾಕಿಕೊಂಡು ಅಂಗಡಿಯಲ್ಲೇ ಸ್ಕ್ರೀನ್ ಇಳಿಸಿ ನೋಡಿ. ಕಡ್ಡಿ ಒತ್ತಿದರೆ, ಲೆನ್ಸ್ ತಾಗಿದರೆ ಬೇರೆ ಫ್ರೇಮ್ ಕೇಳಿ. ಅಂಗಡಿಯವರು ನಕ್ಕರೆ ನಗಲಿ.